ಕನ್ನಡ ಮಹಾಪ್ರಬಂಧಗಳು ಮತ್ತು ವಿಶ್ವವಿದ್ಯಾಲಯದ ಸಾಂಸ್ಥಿಕ ಭಂಡಾರ

ಪಿಎಚ್.ಡಿ. ಪದವಿಗೆ ಸಲ್ಲಿಕೆಯಾದ ಕನ್ನಡ ಮಹಾಪ್ರಬಂಧಗಳೆಲ್ಲವೂ ಅಚ್ಚಿನ ಭಾಗ್ಯವನ್ನು ಕಾಣುವುದಿಲ್ಲ. ಅನೇಕ ಪ್ರಬಂಧಗಳ ಒಂದೆರಡು ಪ್ರತಿಗಳು ಮಾತ್ರ ವಿಭಾಗದಲ್ಲಿ, ಗ್ರಂಥಾಲಯದಲ್ಲಿ ಉಳಿಯುತ್ತವೆ. ಮುಂಬಯಿಯಲ್ಲಿಯೋ ಮದರಾಸಿನಲ್ಲಿಯೋ ಸಿದ್ಧವಾದ ಪ್ರಬಂಧವು ಧಾರವಾಡದ ಸಂಶೋಧಕನಿಗೆ ದೊರೆಯದೆ ಹೋದರೆ, ನಡೆದ ದಾರಿಯನ್ನೇ ಆತ ಮತ್ತೆ ನಡೆಯಬೇಕಾಗುತ್ತದೆ. ಹೊರನಾಡಿನ ಕನ್ನಡ ಅಧ್ಯಯನಕ್ಕಂತೂ ಇದು ಅಸ್ತಿತ್ವದ ಪ್ರಶ್ನೆಯೇ ಆಗಿದೆ.

ಈ ಕೊರತೆಯನ್ನು ನೀಗಬಲ್ಲ ವ್ಯವಸ್ಥೆಯೇ ಸಾಂಸ್ಥಿಕ ಭಂಡಾರ. ಸಂಸ್ಥೆಯೊಂದರ ಮಹಾಪ್ರಬಂಧ, ಲೇಖನ, ವರದಿಗಳನ್ನು ವಿದ್ಯುನ್ಮಾನ ರೂಪದಲ್ಲಿ ಕೂಡಿಟ್ಟು, ಪ್ರತಿಯೊಂದಕ್ಕೂ ವಿವರಗಳನ್ನು ಜೋಡಿಸಿ, ಸ್ಥಿರವಾದ ವಿಳಾಸದಲ್ಲಿ ಓದುಗರಿಗೆ ಒದಗಿಸುವುದು ಇದರ ಕಾರ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2002ರಲ್ಲಿಯೇ ಇಂತಹ ಭಂಡಾರವನ್ನು ಆರಂಭಿಸಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮವು ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯ ಸಲ್ಲಿಕೆಯನ್ನು ಕಡ್ಡಾಯಗೊಳಿಸಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಡೆಸುವ ‘ಶೋಧಗಂಗಾ’ ಅವುಗಳ ರಾಷ್ಟ್ರೀಯ ಭಂಡಾರವಾಗಿದೆ.

ಆದರೆ ಪ್ರತಿಯನ್ನು ಸೇರಿಸಿದ ಮಾತ್ರಕ್ಕೆ ಪ್ರಬಂಧವು ಸಂಶೋಧಕನ ಕೈಗೆ ಸಿಕ್ಕಂತಾಗುವುದಿಲ್ಲ. ಕನ್ನಡದ ಮಟ್ಟಿಗೆ ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಲಿಪಿಯದು. ‘ವಚನ’ ಎಂಬ ಪದವನ್ನೇ ರೋಮನ್ ಲಿಪಿಯಲ್ಲಿ ಒಬ್ಬರು ‘ಎಚ್’ ಅಕ್ಷರ ಸೇರಿಸಿ, ಇನ್ನೊಬ್ಬರು ಸೇರಿಸದೆ ಬರೆಯುತ್ತಾರೆ; ಒಂದು ರೂಪದಲ್ಲಿ ಹುಡುಕಿದವರಿಗೆ ಮತ್ತೊಂದು ಸಿಗದೆ ಹೋಗಬಹುದು. ಆದುದರಿಂದ ಶೀರ್ಷಿಕೆ, ಲೇಖಕರ ಹೆಸರು, ವಿಷಯಸೂಚಕ ಪದಗಳು ಕನ್ನಡ ಲಿಪಿಯಲ್ಲಿಯೂ ದಾಖಲಾಗಬೇಕು. ಎರಡನೆಯದು ಅಕ್ಷರಸಂಕೇತದ್ದು. ಯೂನಿಕೋಡ್ ಬಳಕೆ ರೂಢಿಯಾಗುವ ಮುನ್ನ ಬೇರೆ ಬೇರೆ ಫಾಂಟುಗಳಲ್ಲಿ ಸಿದ್ಧವಾದ ಪ್ರಬಂಧಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕಯಂತ್ರಕ್ಕೆ ಕನ್ನಡವಲ್ಲ. ಪುಟಗಳ ಚಿತ್ರವನ್ನಷ್ಟೇ ತೆಗೆದಿರಿಸಿದಾಗಲೂ ಪಠ್ಯದೊಳಗೆ ಪದವನ್ನು ಹುಡುಕಲಾಗದು. ಅಂತಹವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವುದು, ಅದು ಸಾಧ್ಯವಾಗದಿದ್ದರೆ ಪರಿವಿಡಿ ಹಾಗೂ ಸಾರಾಂಶಗಳನ್ನಾದರೂ ಯೂನಿಕೋಡ್‌ನಲ್ಲಿ ಸೇರಿಸುವುದು ಅಗತ್ಯ.

ಈ ಕೆಲಸವನ್ನು ಗ್ರಂಥಪಾಲಕರೊಬ್ಬರಿಗೇ ವಹಿಸುವುದು ಉಚಿತವಲ್ಲ. ಛಂದಸ್ಸಿನ ಪ್ರಬಂಧಕ್ಕೆ, ಶಾಸನಾಧ್ಯಯನಕ್ಕೆ ಯಾವ ವಿಷಯಸೂಚಕ ಪದ ಸಲ್ಲುತ್ತದೆಂಬುದನ್ನು ಮಾರ್ಗದರ್ಶಕರು ಬಲ್ಲರು. ವಿವರಗಳನ್ನು ಏಕರೂಪವಾಗಿ ದಾಖಲಿಸುವ ಕ್ರಮವನ್ನು ಗ್ರಂಥಪಾಲಕರು ಬಲ್ಲರು. ಹಕ್ಕುಸ್ವಾಮ್ಯದ ಬಗೆಗೂ ಸಂಶೋಧಕನಿಗೆ ತಿಳಿವಳಿಕೆ ನೀಡಿ, ಪುಸ್ತಕವಾಗಿ ಹೊರಬರಲಿರುವ ಪ್ರಬಂಧಕ್ಕೆ ನಿಯಮದ ಚೌಕಟ್ಟಿನೊಳಗೆ ಕಾಲಾವಕಾಶ ಕೋರುವ ದಾರಿಯನ್ನು ತೋರಿಸಬೇಕು.

ಸಂಶೋಧನೆಯು ಪದವಿಪ್ರದಾನದೊಂದಿಗೆ ಮುಗಿಯುವುದಿಲ್ಲ. ಮುಂದಿನ ಸಂಶೋಧಕನು ಅದನ್ನು ಓದಿ ಒಪ್ಪಿದಾಗಲೋ ಅಲ್ಲಗಳೆದಾಗಲೋ ಅದು ಬೆಳೆಯುತ್ತದೆ. ಕಪಾಟಿನೊಳಗಿನ ಪ್ರಬಂಧವನ್ನು ಆ ಓದುಗನವರೆಗೆ ತಲುಪಿಸುವುದು ವಿಭಾಗ ಹಾಗೂ ಗ್ರಂಥಾಲಯಗಳೆರಡರ ಹೊಣೆಯಾಗಿದೆ.