ಸಮವಸ್ತ್ರ ಕಳಚಿದ ಮೇಲೆ

ಮಕ್ಕಳೇ, ಮೊದಲು ಒಂದು ಕಡೆ ಹೆಸರು ಮಾಡೋಣ, ಆಮೇಲೆ ರಾಜಕೀಯಕ್ಕೆ ಬಂದು ದೇಶಕ್ಕೆ ಏನಾದರೂ ಮಾಡೋಣ ಎಂದು ನಿಮ್ಮಲ್ಲಿ ಹಲವರು ಹೇಳುವುದನ್ನು ಕೇಳಿದ್ದೇನೆ. ಆಸೆ ಒಳ್ಳೆಯದೇ. ಆದರೆ ಒಂದು ಕೆಲಸದಲ್ಲಿ ಗಳಿಸಿದ ಹೆಸರು ಇನ್ನೊಂದು ಕೆಲಸವನ್ನು ಮಾಡಿಕೊಡುವುದಿಲ್ಲ. ಅಮೆರಿಕದ ಜಾನ್ ಗ್ಲೆನ್ ಅವರ ಬಾಳನ್ನು ಒಮ್ಮೆ ನೋಡಿ.

ಒಹಾಯೊ ರಾಜ್ಯದ ನ್ಯೂ ಕಾನ್‌ಕಾರ್ಡ್ ಎಂಬ ಸಣ್ಣ ಊರಲ್ಲಿ ಬೆಳೆದ ಪ್ಲಂಬರ್ ಒಬ್ಬರ ಮಗ ಅವರು. ಮರೀನ್ ಪಡೆಯ ಪೈಲಟ್ ಆಗಿ ಎರಡನೆಯ ಮಹಾಯುದ್ಧದಲ್ಲೂ ಕೊರಿಯಾದಲ್ಲೂ ಹಾರಿದರು. ಕೊರಿಯಾ ಯುದ್ಧದ ಕೊನೆಯ ದಿನಗಳಲ್ಲಿ ಮೂರು ಮಿಗ್ ವಿಮಾನಗಳನ್ನು ಹೊಡೆದುರುಳಿಸಿದರು. 1957ರಲ್ಲಿ ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕಿಗೆ ಮೂರು ಗಂಟೆ 23 ನಿಮಿಷದಲ್ಲಿ ಹಾರಿ ದಾಖಲೆ ಮಾಡಿದರು. ಎರಡು ವರ್ಷದ ನಂತರ ನಾಸಾ ಆರಿಸಿದ ಮೊದಲ ಏಳು ಗಗನಯಾತ್ರಿಗಳಲ್ಲಿ ಒಬ್ಬರಾದರು.

1962ರ ಫೆಬ್ರುವರಿ 20ರ ಹಾರಾಟದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕಂಪ್ಯೂಟರ್ ಕೊಟ್ಟ ಲೆಕ್ಕವನ್ನು ನಾಸಾದ ಗಣಿತಜ್ಞೆ ಕ್ಯಾಥರೀನ್ ಜಾನ್ಸನ್ ಕೈಯಲ್ಲೇ ಇನ್ನೊಮ್ಮೆ ಮಾಡಿ ನೋಡಲಿ ಎಂದು ಗ್ಲೆನ್ ಮೊದಲೇ ಕೇಳಿಕೊಂಡಿದ್ದರು. ಗೊತ್ತಿರುವವರನ್ನು ಕೇಳಲು ಅವರಿಗೆ ಸಂಕೋಚವಿರಲಿಲ್ಲ. ಮೇಲೆ ಹೋದ ಮೇಲೆ, ಮೊದಲ ಸುತ್ತು ಮುಗಿಯುವಷ್ಟರಲ್ಲಿ ಸ್ವಯಂಚಾಲಿತ ನಿಯಂತ್ರಣ ಕೈಕೊಟ್ಟಿತು. ನೌಕೆಯನ್ನು ತಾವೇ ನಡೆಸಿದರು. ಶಾಖ ತಡೆಯುವ ಕವಚ ಸಡಿಲವಾಗಿದೆ ಎಂಬ ಸೂಚನೆ ನೆಲದಲ್ಲಿದ್ದವರಿಗೆ ಬಂತು. ಅದು ನಿಜವಾಗಿದ್ದರೆ ವಾಪಸು ಬರುವಾಗ ಸುಟ್ಟು ಹೋಗಬೇಕಿತ್ತು. ಸೂಚನೆಯೇ ತಪ್ಪಾಗಿತ್ತು ಎಂದು ತಿಳಿದದ್ದು ಆಮೇಲೆ. ಐದು ಗಂಟೆಗೆ ಐದು ನಿಮಿಷ ಕಡಿಮೆ, ಭೂಮಿಗೆ ಮೂರು ಸುತ್ತು. ಭೂಮಿಯನ್ನು ಸುತ್ತಿದ ಮೊದಲ ಅಮೆರಿಕನ್ ಎಂದು ದೇಶವೇ ಅವರನ್ನು ಹೊತ್ತು ಮೆರೆಸಿತು.

ಇಷ್ಟು ಕೀರ್ತಿಯಿದ್ದವರಿಗೆ ಒಂದು ಸೀಟು ಕಷ್ಟವೇ ಎಂದು ನಿಮಗೆ ಅನ್ನಿಸಬಹುದು. 1964ರಲ್ಲಿ ಸೆನೆಟ್ ಚುನಾವಣೆಗೆ ಇಳಿದರು. ಬಚ್ಚಲಲ್ಲಿ ಬಿದ್ದು ಕಿವಿಯೊಳಗೆ ಪೆಟ್ಟಾಗಿ ಹಿಂದೆ ಸರಿಯಬೇಕಾಯಿತು. 1970ರಲ್ಲಿ ಮತ್ತೆ ನಿಂತರು, ಸ್ವಂತ ಪಕ್ಷದ ಒಳಗಿನ ಚುನಾವಣೆಯಲ್ಲೇ ಹೊವರ್ಡ್ ಮೆಟ್ಜೆನ್‌ಬಾಮ್ ಎದುರು ಸೋತರು. ಎದುರಾಳಿ ಜನಕ್ಕೆ ಅಷ್ಟು ಪರಿಚಿತರಲ್ಲ, ಆದರೆ ಹಣ, ಸಂಘಟನೆ, ಪ್ರಚಾರ ಎಲ್ಲವನ್ನೂ ಕಟ್ಟಿಕೊಂಡು ಬಂದಿದ್ದರು. ಗ್ಲೆನ್ ಹಟ ಬಿಡದೆ 1974ರಲ್ಲಿ ಅದೇ ಮೆಟ್ಜೆನ್‌ಬಾಮ್ ಅವರನ್ನು ಸೋಲಿಸಿ ಸೆನೆಟ್ ಸೇರಿದರು. ಬಾಲ್ಯದಿಂದ ತೀವ್ರವಾಗಿ ಉಗ್ಗುತ್ತಿದ್ದ ಅವರ ಪತ್ನಿ ಆ್ಯನಿ 1973ರಲ್ಲಿ ಚಿಕಿತ್ಸೆ ಪಡೆದು, ಐವತ್ತು ದಾಟಿದ ವಯಸ್ಸಿನಲ್ಲಿ ಸಭೆಗಳಲ್ಲಿ ಮಾತಾಡಲು ಕಲಿತರು. ನನಗೆ ಗಂಡನ ಹಾರಾಟಕ್ಕಿಂತ ಅದು ಸಣ್ಣ ಸಾಹಸವೆಂದು ಅನ್ನಿಸಿಲ್ಲ.

ಸೆನೆಟ್‌ನಲ್ಲಿ ಅವರು 24 ವರ್ಷ ಮಾಡಿದ ಕೆಲಸ ಕ್ಯಾಮೆರಾಕ್ಕೆ ಸಿಗುವಂಥದ್ದಲ್ಲ. ಸಮಿತಿಗಳಲ್ಲಿ ಕೂತು ಕರಡು ಓದುವುದು, ಒಂದೊಂದು ಷರತ್ತನ್ನು ತಿದ್ದುವುದು. ಆ ಕೆಲಸದ ಬಲ ಎಷ್ಟೆಂದು ನಮ್ಮ ದೇಶಕ್ಕೇ ತಿಳಿಯಿತು. 1978ರ ಅಣು ಪ್ರಸರಣ ತಡೆ ಕಾನೂನಿನ ಹಿಂದಿದ್ದವರಲ್ಲಿ ಗ್ಲೆನ್ ಪ್ರಮುಖರು. ತಾರಾಪುರದ ಅಣುವಿದ್ಯುತ್ ಸ್ಥಾವರಕ್ಕೆ ಅಮೆರಿಕದ ಇಂಧನ ಬರುವುದಕ್ಕೆ ತೊಡಕಾದದ್ದು ಅದರಿಂದ. 1998ರಲ್ಲಿ ಪೋಖ್ರಾನ್ ಅಣು ಪರೀಕ್ಷೆಯಾದಾಗ ನಮ್ಮ ಮೇಲೆ ಬಿದ್ದ ನಿರ್ಬಂಧಕ್ಕೆ ಅವರ ಹೆಸರಿನ ತಿದ್ದುಪಡಿಯೇ ಆಧಾರ. ಮುಂದೆ ತೇಜಸ್ ಎಂದು ಹೆಸರಾದ ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳನ್ನು ವಾಪಸು ಕಳಿಸಿದರು. ಅವರು ಉಳಿದದ್ದನ್ನು ಇಲ್ಲೇ ಮುಗಿಸಿದರು. 2001ರ ಜನವರಿ 4ರಂದು ಆ ವಿಮಾನ ಬೆಂಗಳೂರಿನಿಂದ ಮೇಲೇರಿತು.

ಆ ಕಾನೂನು ನಮಗೆ ಅನ್ಯಾಯ ಮಾಡಿತು ಎಂಬುದೇ ನನ್ನ ಅಭಿಪ್ರಾಯ. ಆದರೂ ಅವರನ್ನು ನಿಮ್ಮ ಮುಂದೆ ಇಡುತ್ತಿರುವುದಕ್ಕೆ ಕಾರಣವಿದೆ. ಪರದೇಶದ ಒಬ್ಬ ಸೆನೆಟರ್ ಬರೆದ ಸಾಲುಗಳು ಬೆಂಗಳೂರಿನ ಪ್ರಯೋಗಾಲಯದವರೆಗೆ ಬಂದು ತಟ್ಟಿದವು. ಶಾಸನ ಬರೆಯುವ ಕೈಗೆ ಅಷ್ಟು ಬಲವಿದೆ. ಚಪ್ಪಾಳೆಯ ಆಸೆಗಷ್ಟೇ ರಾಜಕೀಯಕ್ಕೆ ಬರುವವರಿಗೆ ಇದು ಕೊನೆಯವರೆಗೂ ತಿಳಿಯುವುದಿಲ್ಲ.

ಗ್ಲೆನ್ ಎಡವಿದ್ದೂ ಇದೆ. 1984ರಲ್ಲಿ ಅಧ್ಯಕ್ಷ ಪದವಿಗೆ ಪ್ರಯತ್ನಿಸಿ ಸೋತರು, ಸಾಲ ಉಳಿಯಿತು. ಒಬ್ಬ ಹಣಕಾಸು ಉದ್ಯಮಿಗೆ ನೆರವಾಗುವಂತೆ ಅಧಿಕಾರಿಗಳನ್ನು ಕಂಡ ಐವರು ಸೆನೆಟರುಗಳಲ್ಲಿ ಅವರೂ ಒಬ್ಬರು. ವಿಚಾರಣೆ ನಡೆಸಿದ ಸಮಿತಿ ಅಪರಾಧಿ ಎನ್ನಲಿಲ್ಲ, ವಿವೇಕ ಸಾಲದು ಎಂದಿತು. ದೇಶಕ್ಕಾಗಿ ಪ್ರಾಣ ಒಡ್ಡಿದವರೂ ದುಡ್ಡಿನವರ ಮುಲಾಜಿಗೆ ಬೀಳಬಲ್ಲರು. ಇದನ್ನು ಮರೆಯಬೇಡಿ.

ಪೋಖ್ರಾನ್ ಪರೀಕ್ಷೆಯಾದ ವರ್ಷವೇ, 1998ರ ಅಕ್ಟೋಬರಿನಲ್ಲಿ, 77ನೆಯ ವಯಸ್ಸಿನಲ್ಲಿ, ಡಿಸ್ಕವರಿ ನೌಕೆಯಲ್ಲಿ ಮತ್ತೆ ಬಾಹ್ಯಾಕಾಶಕ್ಕೆ ಹೋದರು. ಮುಪ್ಪಿನಲ್ಲಿ ಮೂಳೆ ಸವೆಯುವುದು, ನಿದ್ದೆ ಕೆಡುವುದು ಗಗನಯಾತ್ರಿಗಳಿಗೂ ಆಗುತ್ತದೆ ಎಂದು ಓದಿ ತಿಳಿದು, ನನ್ನ ಮೈಮೇಲೇ ಪರೀಕ್ಷೆ ಮಾಡಿ ಎಂದು ನಾಸಾವನ್ನು ಒಪ್ಪಿಸಿದ್ದರು. ಈ ಸಲ ಅವರು ನಾಯಕರಲ್ಲ. ತಮಗಿಂತ ಎಷ್ಟೋ ಚಿಕ್ಕ ಕಮಾಂಡರ್ ಕೈಕೆಳಗೆ, ಒಪ್ಪಿಸಿದ ಕೆಲಸ ಮಾಡಿ ಬಂದರು.

ನಿಮ್ಮಲ್ಲಿ ಯಾರಿಗಾದರೂ ನಿಜವಾಗಿ ಸಾರ್ವಜನಿಕ ಜೀವನದ ಮನಸ್ಸಿದ್ದರೆ ಹೆಸರು ಬರುವವರೆಗೆ ಕಾಯಬೇಡಿ. ನಿಮ್ಮೂರಿನ ಪಂಚಾಯಿತಿಯ ಆಯವ್ಯಯವನ್ನು ಕೇಳಿ ತೆಗೆದುಕೊಂಡು ಈ ವರ್ಷವೇ ಓದಿ. ಅರ್ಥವಾಗದ್ದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.