ರಕ್ತಪರೀಕ್ಷೆಯೂ ಔಷಧಿಯ ಭಾಗವೇ

ಮಗಳೇ, ಅಪ್ಪನಿಗೆ ಲಿವರ್ ಕ್ಯಾನ್ಸರಿನ ಮಾತ್ರೆ ಶುರುವಾಯಿತು ಎಂದೆ. ಮಾತ್ರೆ, ಫೈಲು, ಸ್ಕ್ಯಾನಿನ ಲಕೋಟೆ ಎಲ್ಲವೂ ಈಗ ನಿನ್ನ ಕೈಯಲ್ಲಿವೆ. ಹಾಗಾಗಿ ನಿನಗೇ ಹೇಳುತ್ತೇನೆ: ಮಾತ್ರೆ ಕೊಡುವಷ್ಟೇ ಶ್ರದ್ಧೆಯಿಂದ ರಕ್ತಪರೀಕ್ಷೆಯನ್ನೂ ಮಾಡಿಸು.

ಈ ಕಾಯಿಲೆಯಲ್ಲಿ ಹೆಚ್ಚಿನವರಿಗೆ ಇರುವುದು ಒಂದು ರೋಗವಲ್ಲ, ಎರಡು. ಹೆಪಟೈಟಿಸ್ ಬಿ, ಸಿ ಸೋಂಕು, ಕುಡಿತ, ಸಕ್ಕರೆ ಕಾಯಿಲೆಯ ಜೊತೆ ಸೇರುವ ಕೊಬ್ಬು, ಇವುಗಳಿಂದ ವರ್ಷಗಟ್ಟಲೆ ಸವೆದು ಸಿರೋಸಿಸ್ ಆದ ಲಿವರಿನಲ್ಲೇ ಗಡ್ಡೆ ಹುಟ್ಟಿರುತ್ತದೆ. ಸೊರಾಫೆನಿಬ್, ಲೆನ್ವಾಟಿನಿಬ್, ರೆಗೊರಾಫೆನಿಬ್‌ನಂಥ ಮಾತ್ರೆಗಳು ಗಡ್ಡೆಗೆ ರಕ್ತ ಒದಗಿಸುವ ಹೊಸ ನಾಳಗಳನ್ನು ತಡೆಯುತ್ತವೆ. ಆದರೆ ಆ ಮಾತ್ರೆಯನ್ನು ಅರಗಿಸಿ ಹೊರಹಾಕುವ ಕೆಲಸವೂ ಅದೇ ಲಿವರಿನದು. ದಣಿದ ಎತ್ತಿಗೆ ಇನ್ನೊಂದು ಹೊರೆ ಏರಿಸಿದಂತೆ. ಎತ್ತು ತಡೆಯುತ್ತಿದೆಯೇ ಎಂದು ಆಗಾಗ ನೋಡಲೇಬೇಕು.

ಲೆನ್ವಾಟಿನಿಬ್, ರೆಗೊರಾಫೆನಿಬ್ ಕೊಡುವಾಗ ಮೊದಲ ಎರಡು ತಿಂಗಳು ಪ್ರತಿ ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆಯಾದರೂ ಲಿವರ್ ಪರೀಕ್ಷೆ ಆಗಬೇಕು ಎಂಬುದು ನಿಯಮ. ಅಪ್ಪನ ಸ್ಥಿತಿ ನೋಡಿ ಡಾಕ್ಟರು ಇನ್ನೂ ಬೇಗ ಹೇಳಿದರೆ ಹಾಗೆಯೇ ಮಾಡು.

ರಿಪೋರ್ಟು ಬಂದಾಗ ಎಸ್‌ಜಿಒಟಿ, ಎಸ್‌ಜಿಪಿಟಿ ಮಾತ್ರ ನೋಡಿ ಸುಮ್ಮನಾಗಬೇಡ. ಅವು ಲಿವರಿಗೆ ಬಿದ್ದ ಪೆಟ್ಟನ್ನು ತೋರಿಸುತ್ತವೆ. ಲಿವರಿನಲ್ಲಿ ಉಳಿದಿರುವ ಶಕ್ತಿ ತಿಳಿಯುವುದು ಬಿಲಿರುಬಿನ್, ಆಲ್ಬುಮಿನ್, ಪಿಟಿ-ಐಎನ್‌ಆರ್‌ಗಳಿಂದ. ಇವುಗಳ ಜೊತೆಗೆ ಹೊಟ್ಟೆಯಲ್ಲಿ ನೀರಿದೆಯೇ, ಬುದ್ಧಿ ಮಂಕಾಗಿದೆಯೇ ಎಂಬುದನ್ನೂ ಸೇರಿಸಿ ಡಾಕ್ಟರು ಚೈಲ್ಡ್-ಪ್ಯೂ ಅಂಕ ಹಾಕುತ್ತಾರೆ. 5–6 ಬಂದರೆ 'ಎ', 7–9 'ಬಿ', 10ರಿಂದ 15 'ಸಿ'. ಈ ಮಾತ್ರೆಗಳ ದೊಡ್ಡ ಪ್ರಯೋಗಗಳು ನಡೆದದ್ದು ಮುಖ್ಯವಾಗಿ 'ಎ' ಗುಂಪಿನವರ ಮೇಲೆ. ಆದ್ದರಿಂದ ಅಪ್ಪ ಯಾವ ಗುಂಪಿನಲ್ಲಿದ್ದಾರೆ ಎಂದು ಪ್ರತಿ ಭೇಟಿಯಲ್ಲೂ ಕೇಳು. ಒಂದೇ ದಿನದ ಅಂಕಿಗೆ ಹೆದರಬೇಡ, ಒಂದೇ ದಿನದ ಅಂಕಿ ನೋಡಿ ನಿಶ್ಚಿಂತಳೂ ಆಗಬೇಡ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಸಾಲಾಗಿ ಬರೆದಿಡು. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಮುಖ್ಯ.

ಎರಡು ಪರೀಕ್ಷೆಗಳ ನಡುವೆ ನಿನ್ನ ಕಣ್ಣೇ ಕಾವಲು. ಕಣ್ಣಿನ ಬಿಳಿಗುಡ್ಡೆ ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಹೊಟ್ಟೆ ಉಬ್ಬಿದರೆ, ಪಾದ ಊದಿದರೆ ಡಾಕ್ಟರಿಗೆ ತಿಳಿಸು. ಹಗಲು ನಿದ್ದೆ, ರಾತ್ರಿ ಎಚ್ಚರ, ಮಾತಿನಲ್ಲಿ ತಡವರಿಕೆ, ಕೈ ನಡುಕ ಕಂಡರೆ 'ವಯಸ್ಸಾಯಿತು' ಎಂದು ಬಿಡಬೇಡ. ಲಿವರು ಸೋತಾಗ ವಿಷಾಂಶ ಮಿದುಳಿಗೆ ಏರುವ ಸೂಚನೆ ಅದು. ಮಲಬದ್ಧತೆ ಅದನ್ನು ಹೆಚ್ಚಿಸುತ್ತದೆ. ರಕ್ತವಾಂತಿ ಆದರೆ, ಮಲ ಟಾರಿನಂತೆ ಕಪ್ಪಗಾದರೆ ಬೆಳಗಾಗಲಿ ಎಂದು ಕಾಯದೆ ನೇರ ಆಸ್ಪತ್ರೆಗೆ ಹೊರಡು.

ಬಂಧುಗಳು ಕಷಾಯ, ಬೇರು, ನಾಟಿ ಔಷಧಿ ತಂದುಕೊಡುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ, ಆದರೆ ಕೊಡಬೇಡ. ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಲಿವರಿಗೆ ಪೆಟ್ಟಾದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಮೈಕೈ ನೋವಿಗೆ ಮೆಡಿಕಲ್ ಸ್ಟೋರಿನಿಂದ ತಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಪ್ಯಾರಾಸಿಟಮಾಲ್ ಕೂಡ ಡಾಕ್ಟರು ಹೇಳಿದಷ್ಟೇ ಕೊಡು. ಹೆಪಟೈಟಿಸ್ ಬಿ ಇದ್ದು ಟೆನೊಫೊವಿರ್ ಅಥವಾ ಎಂಟೆಕಾವಿರ್ ತೆಗೆದುಕೊಳ್ಳುತ್ತಿದ್ದರೆ ಒಂದು ದಿನವೂ ತಪ್ಪಿಸಬೇಡ.

ರಿಪೋರ್ಟು ನೋಡಿ ಡಾಕ್ಟರು ಡೋಸ್ ಇಳಿಸಬಹುದು, ಕೆಲವು ದಿನ ನಿಲ್ಲಿಸಬಹುದು. ಚಿಕಿತ್ಸೆ ಸೋತಿತೆಂದು ಅಪ್ಪ ಕುಗ್ಗದಂತೆ ನೋಡಿಕೋ. ಲಿವರು ಉಳಿದರೆ ತಾನೇ ಮುಂದಿನ ಚಿಕಿತ್ಸೆಗೆ ದಾರಿ ಉಳಿಯುವುದು? ಆದರೆ ಡೋಸ್ ಬದಲಿಸುವ ಕೆಲಸ ಅವರದು, ನಾವು ಮನೆಯಲ್ಲಿ ಕೂತು ನಿರ್ಧರಿಸುವುದಲ್ಲ.

ಖರ್ಚಿನ ಚಿಂತೆ ನನಗೆ ಅರ್ಥವಾಗುತ್ತದೆ. ಒಂದು ಕಾಲಕ್ಕೆ ಸೊರಾಫೆನಿಬ್‌ಗೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಬೇಕಿತ್ತು. 2012ರಲ್ಲಿ ನಮ್ಮ ಸರ್ಕಾರದ ಪೇಟೆಂಟ್ ಕಚೇರಿ ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಲೈಸೆನ್ಸ್ ಕೊಟ್ಟಿತು, ದೇಶದಲ್ಲಿ ಅಂಥದ್ದು ಅದೇ ಮೊದಲು. ಬೆಲೆ 9,000 ರೂಪಾಯಿಯೊಳಗೆ ಬಂತು. ಮಾತ್ರೆ ಹಾಗೆ ಬಡವರ ಕೈಗೆಟುಕಿತು. ಅದು ಲಿವರಿಗೆ ಹಾನಿ ಮಾಡದಂತೆ ಕಾಯುವ ಪರೀಕ್ಷೆಯಲ್ಲಿ ಉಳಿತಾಯ ಮಾಡಬೇಡ. ಮುಂದಿನ ಪರೀಕ್ಷೆಯ ತಾರೀಖನ್ನು ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಹಾಕು. ಆ ದಿನ ಅಪ್ಪ ಎಷ್ಟೇ ಆರಾಮಾಗಿದ್ದರೂ ತಪ್ಪದೆ ಕರೆದುಕೊಂಡು ಹೋಗು.