ಹೀಲಿಯಂ ಅನಿಲ: ಉಪಯೋಗವೂ ಎಚ್ಚರಿಕೆಯೂ

ಭೂಮಿಯ ಮೇಲೆ ದೊರೆಯುವುದಕ್ಕೆ ಮೊದಲೇ ಸೂರ್ಯನಲ್ಲಿ ಗುರುತಿಸಲ್ಪಟ್ಟ ಮೂಲವಸ್ತು ಹೀಲಿಯಂ. 1868ನೆಯ ಇಸವಿಯ ಆಗಸ್ಟ್ 18ರಂದು ಭಾರತದ ಮೇಲೆ ಹಾದುಹೋದ ಖಗ್ರಾಸ ಸೂರ್ಯಗ್ರಹಣದ ವೀಕ್ಷಣೆಗಾಗಿ ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ಬೀಡುಬಿಟ್ಟಿದ್ದನು. ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಮೋಡಗಳ ಕಾಟದ ನಡುವೆಯೇ ತನ್ನ ರೋಹಿತದರ್ಶಕವನ್ನು ಸೂರ್ಯನತ್ತ ತಿರುಗಿಸಿದ್ದನು. ಕನ್ನಡ ನೆಲಕ್ಕೂ ಈ ಚರಿತ್ರೆಯಲ್ಲಿ ಒಂದು ಮೂಲೆ ಉಂಟೆಂಬುದನ್ನು ಬಲ್ಲವರು ವಿರಳ. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿದ್ದ ಹಳದಿ ಗೆರೆಯೊಂದು ಆಗ ತಿಳಿದಿದ್ದ ಯಾವ ವಸ್ತುವಿಗೂ ಹೊಂದಲಿಲ್ಲ. ಇಂಗ್ಲೆಂಡಿನ ಲಾಕಿಯರ್ ಇದು ಹೊಸದೊಂದು ಮೂಲವಸ್ತುವೆಂದು ತರ್ಕಿಸಿದನು. ಗ್ರೀಕರು ಸೂರ್ಯನಿಗೆ ಕೊಟ್ಟ 'ಹೀಲಿಯೋಸ್' ಎಂಬ ಹೆಸರಿನಿಂದ ಇದಕ್ಕೆ ಹೀಲಿಯಂ ಎಂಬ ನಾಮಧೇಯವಾಯಿತು. 1895ರಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಇರುವ ಖನಿಜವೊಂದರಿಂದ ಇದೇ ಅನಿಲವನ್ನು ಹೊರತೆಗೆದನು.

ಹೀಲಿಯಂಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದು ಉರಿಯುವುದಿಲ್ಲ, ಇತರ ವಸ್ತುಗಳೊಡನೆ ಸುಲಭವಾಗಿ ಕೂಡುವುದೂ ಇಲ್ಲ. ಜಲಜನಕವನ್ನು ಬಿಟ್ಟರೆ ಇದಕ್ಕಿಂತ ಹಗುರವಾದ ಅನಿಲವಿಲ್ಲ. ನಾವು ಉಸಿರಾಡುವ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದರದು ಸುಮಾರು ಐದೇ ಪಾಲು. ಭೂಗರ್ಭದ ಯುರೇನಿಯಂ ಮತ್ತು ಥೋರಿಯಂ ಕೋಟ್ಯಂತರ ವರ್ಷಗಳಿಂದ ಕ್ಷಯಿಸುತ್ತಾ ಹುಟ್ಟಿಸಿದ ಹೀಲಿಯಂ ನೈಸರ್ಗಿಕ ಅನಿಲದ ನಿಕ್ಷೇಪಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಅಮೆರಿಕ ಹಾಗೂ ಕತಾರ್ ದೇಶಗಳು ಇದರ ಮುಖ್ಯ ಉತ್ಪಾದಕರು. ಭಾರತವು ತನಗೆ ಬೇಕಾದುದನ್ನು ಆಮದು ಮಾಡಿಕೊಳ್ಳುತ್ತದೆ. ಪಶ್ಚಿಮ ಬಂಗಾಳದ ಬಕ್ರೇಶ್ವರದ ಬಿಸಿನೀರಿನ ಬುಗ್ಗೆಗಳಿಂದ ಏಳುವ ಅನಿಲದಲ್ಲಿ ಹೀಲಿಯಂ ಇದೆಯಾದರೂ ದೇಶದ ಅಗತ್ಯಕ್ಕೆ ಅದು ಸಾಲದು. ವಾತಾವರಣಕ್ಕೆ ಸೇರಿಹೋದ ಹೀಲಿಯಂ ಮೇಲೇರಿ ಕಾಲಕ್ರಮದಲ್ಲಿ ಭೂಮಿಯನ್ನೇ ಬಿಟ್ಟುಹೋಗುತ್ತದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಇದು ಬಡ್ಡಿಯಲ್ಲ, ಅಸಲು.

ಬೆಸುಗೆ ಕೆಲಸದಲ್ಲಿ ಕಾದ ಲೋಹಕ್ಕೆ ಗಾಳಿ ತಾಗದಂತೆ ಹೀಲಿಯಂ ಹೊದಿಕೆಯಾಗುತ್ತದೆ. ಇದರ ಪರಮಾಣು ಅತಿ ಸಣ್ಣದಾದುದರಿಂದ ಕೊಳವೆಯ ಕೂದಲೆಳೆಯಂಥ ಬಿರುಕಿನಲ್ಲಿಯೂ ನುಸುಳುತ್ತದೆ. ಸೋರಿಕೆ ಪತ್ತೆಮಾಡಲು ಕಾರ್ಖಾನೆಗಳಲ್ಲಿ ಇದನ್ನೇ ಬಳಸುತ್ತಾರೆ. ರಾಕೆಟ್ಟುಗಳ ಇಂಧನದ ತೊಟ್ಟಿಗಳಲ್ಲಿ ಒತ್ತಡ ಕಾಯ್ದುಕೊಳ್ಳುವುದಕ್ಕೂ, ದೂರವಾಣಿಯ ಗಾಜಿನ ತಂತುಗಳನ್ನು ಎಳೆಯುವಾಗ ತಂಪುಗೊಳಿಸುವುದಕ್ಕೂ ಇದು ಬೇಕು. ಆಳ ಸಮುದ್ರಕ್ಕಿಳಿಯುವ ಮುಳುಗುಗಾರರಿಗೆ ಸಾಧಾರಣ ಗಾಳಿಯೇ ಅಪಾಯಕಾರಿ: ಹೆಚ್ಚಿನ ಒತ್ತಡದಲ್ಲಿ ಅದರೊಳಗಿನ ಸಾರಜನಕವು ಮದ್ಯದಂತೆ ಮತ್ತೇರಿಸುತ್ತದೆ. ಆದ್ದರಿಂದ ಸಾರಜನಕದ ಬದಲು ಹೀಲಿಯಂ ಬೆರೆಸಿದ ಆಮ್ಲಜನಕವನ್ನು ಅವರಿಗೆ ಕೊಡಲಾಗುತ್ತದೆ. ಇಂಥದೇ ಮಿಶ್ರಣವನ್ನು ಶ್ವಾಸನಾಳದ ಅಡಚಣೆಯಿಂದ ಬಳಲುವ ರೋಗಿಗಳಿಗೆ ವೈದ್ಯರು ಕೆಲವೊಮ್ಮೆ ನೀಡುವುದುಂಟು. ಹಗುರವಾದ ಅನಿಲ ಇಕ್ಕಟ್ಟಾದ ದಾರಿಯಲ್ಲಿ ಸರಾಗವಾಗಿ ಸಾಗುತ್ತದೆ.

ಇಷ್ಟೆಲ್ಲ ಇದ್ದರೂ ನಗರವಾಸಿಗಳಾದ ನಮ್ಮಲ್ಲಿ ಹೆಚ್ಚಿನವರು ಹೀಲಿಯಂನ ಸಮೀಪಕ್ಕೆ ಹೋಗುವುದು ಎಂ.ಆರ್.ಐ. ಪರೀಕ್ಷೆಗೆ ಮಲಗಿದಾಗ. 1908ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ಸ್ ಹೀಲಿಯಂ ಅನ್ನು ಮೊದಲ ಬಾರಿಗೆ ದ್ರವವಾಗಿಸಿದನು. ಆ ದ್ರವವು ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುತ್ತದೆ. ಅಷ್ಟು ಶೈತ್ಯದಲ್ಲಿ ಕೆಲವು ಲೋಹಗಳು ವಿದ್ಯುತ್ತಿಗೆ ಯಾವ ತಡೆಯನ್ನೂ ಒಡ್ಡುವುದಿಲ್ಲ. ಒಮ್ಮೆ ಹರಿಸಿದ ವಿದ್ಯುತ್ತು ಸುರುಳಿಯಲ್ಲಿ ಸುತ್ತುತ್ತಲೇ ಇರುತ್ತದೆ, ಪ್ರಬಲ ಅಯಸ್ಕಾಂತವೊಂದು ಸದಾ ಎಚ್ಚರವಾಗಿರುತ್ತದೆ. ಬಹುತೇಕ ಹಳೆಯ ಯಂತ್ರಗಳಲ್ಲಿ ಸಾವಿರ ಲೀಟರಿಗೂ ಮಿಗಿಲಾದ ದ್ರವ ಹೀಲಿಯಂ ಇರುತ್ತದೆ. ಇತ್ತೀಚಿನ ಕೆಲವು ಮಾದರಿಗಳಲ್ಲಿ ಏಳೆಂಟು ಲೀಟರು ಮಾತ್ರ.

ಪರೀಕ್ಷೆ ಮುಗಿಯಿತು, ಯಂತ್ರ ನಿಂತಿತು ಎಂಬ ಭಾವನೆ ತಪ್ಪು. ಶಬ್ದ ನಿಂತಿರುತ್ತದೆಯೇ ಹೊರತು ಅಯಸ್ಕಾಂತ ನಿಂತಿರುವುದಿಲ್ಲ. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ರೋಗಿಯ ಬಂಧುವೊಬ್ಬನು ಆಮ್ಲಜನಕದ ಸಿಲಿಂಡರ್ ಹಿಡಿದು ಆ ಕೋಣೆಯನ್ನು ಹೊಕ್ಕಾಗ ಯಂತ್ರವು ಸಿಲಿಂಡರನ್ನೂ ಅವನನ್ನೂ ಸೆಳೆದುಕೊಂಡು ಅವನು ಪ್ರಾಣ ಕಳೆದುಕೊಂಡನು. ರೋಗಿಯ ಜೊತೆಗೆ ಹೋಗುವವರು ಕೀಲಿಕೈ, ಗಡಿಯಾರ, ಕೋಲು, ಗಾಲಿಕುರ್ಚಿ ಇವುಗಳನ್ನು ಸಿಬ್ಬಂದಿಯ ಒಪ್ಪಿಗೆಯಿಲ್ಲದೆ ಒಳಗೆ ಒಯ್ಯಕೂಡದು. ದೇಹದೊಳಗೆ ಹೃದಯದ ಪೇಸ್‌ಮೇಕರ್ ಅಥವಾ ಲೋಹದ ಕ್ಲಿಪ್ಪು ಇದ್ದರೆ ಮೊದಲೇ ತಿಳಿಸಬೇಕು, ಸಂಕೋಚ ಸಲ್ಲದು.

ಯಂತ್ರದ ಶೈತ್ಯ ಕೆಟ್ಟಾಗ ದ್ರವವೆಲ್ಲ ಒಮ್ಮೆಲೇ ಕುದಿದು ಅನಿಲವಾಗುತ್ತದೆ. ಒಂದು ಲೀಟರು ದ್ರವ ಏಳುನೂರು ಲೀಟರಿಗೂ ಮಿಗಿಲಾಗಿ ಹಿಗ್ಗುತ್ತದೆ. ಇದನ್ನು ಕಟ್ಟಡದ ಹೊರಗೆ ಒಯ್ಯಲು ಪ್ರತ್ಯೇಕ ಕೊಳವೆ ಇರುತ್ತದೆ. ಕೊಳವೆ ಕಟ್ಟಿಕೊಂಡಿದ್ದರೆ ಅನಿಲ ಕೋಣೆಯೊಳಕ್ಕೆ ನುಗ್ಗಿ ಆಮ್ಲಜನಕವನ್ನು ತಳ್ಳಿಹಾಕುತ್ತದೆ. ಹೀಲಿಯಂ ವಿಷವಲ್ಲ, ಆದರೆ ಆಮ್ಲಜನಕದ ಜಾಗವನ್ನು ಅದು ಆಕ್ರಮಿಸಿಕೊಂಡರೆ ಪರಿಣಾಮ ವಿಷದಷ್ಟೇ ಘೋರ. ಗಾಳಿಯಲ್ಲಿ ಸಹಜವಾಗಿ ಶೇಕಡಾ 21ರಷ್ಟಿರುವ ಆಮ್ಲಜನಕ 19.5ಕ್ಕಿಂತ ಇಳಿದರೆ ಎಚ್ಚರಿಕೆಯ ಗಂಟೆ ಬಾರಿಸುವ ಮಾಪಕವನ್ನು ಇಂಥ ಸ್ಥಳಗಳಲ್ಲಿ ಇಡುವುದು ವಾಡಿಕೆ. ಗಂಟೆ ಕೇಳಿದಾಗ ಕಾರಣ ವಿಚಾರಿಸುತ್ತಾ ನಿಲ್ಲದೆ ಹೊರಬರಬೇಕು.

ಇನ್ನು ಬಲೂನಿನ ವಿಚಾರ. ಜಾತ್ರೆ, ಸಮುದ್ರತೀರಗಳಲ್ಲಿ ಮಾರುವ ಹಾರುವ ಬಲೂನುಗಳೆಲ್ಲ ಹೀಲಿಯಂನವಲ್ಲ. ಅಗ್ಗವೆಂದು ಜಲಜನಕ ತುಂಬುವವರೂ ಇದ್ದಾರೆ. ಜಲಜನಕ ಕಿಡಿ ತಾಗಿದರೆ ಭುಗಿಲೇಳುತ್ತದೆ. 1937ರ ಮೇ 6ರಂದು ಅಮೆರಿಕದಲ್ಲಿ ಹಿಂಡೆನ್‌ಬರ್ಗ್ ಎಂಬ ಜರ್ಮನ್ ವಾಯುನೌಕೆ ಉರಿದು 36 ಜನರು ಸತ್ತದ್ದು ಇದೇ ಅನಿಲದಿಂದ. ಎರಡರ ವ್ಯತ್ಯಾಸ ಕಣ್ಣಿಗೆ ಕಾಣದು. ಹುಟ್ಟುಹಬ್ಬದ ಮೇಣದಬತ್ತಿ, ಆರತಿಯ ದೀಪ, ಸಿಗರೇಟು ಇವುಗಳಿಂದ ಯಾವ ಹಾರುವ ಬಲೂನನ್ನಾದರೂ ದೂರವಿಡುವುದೇ ಕ್ಷೇಮ.

ಹೀಲಿಯಂ ಹೀರಿ ಧ್ವನಿಯನ್ನು ಕೀರಲುಗೊಳಿಸುವ ಆಟ ಮಕ್ಕಳಲ್ಲಿ ಹಬ್ಬಿದೆ. ಹೀಲಿಯಂನಲ್ಲಿ ಶಬ್ದದ ವೇಗ ಗಾಳಿಯಲ್ಲಿರುವುದರ ಸುಮಾರು ಮೂರುಪಟ್ಟು. ಗಂಟಲಿನ ಅನುರಣನ ಅದಕ್ಕೆ ತಕ್ಕಂತೆ ಬದಲಾಗುವುದರಿಂದ ಈ ವಿಚಿತ್ರ ದನಿ. ನಗು ಬರುವುದೇನೋ ನಿಜ. ಆದರೆ ಆ ಗುಟುಕಿನಲ್ಲಿ ಆಮ್ಲಜನಕವಿಲ್ಲ. ತಲೆ ತಿರುಗಿ ಬಿದ್ದು ಪೆಟ್ಟಾಗಬಹುದು, ಪ್ರಾಣಕ್ಕೇ ಮುಳುವಾಗಬಹುದು. ಸಿಲಿಂಡರಿನ ಅನಿಲದ ಒತ್ತಡ ಶ್ವಾಸಕೋಶವನ್ನೇ ಹರಿದುಬಿಡಬಲ್ಲದು. ಸಮಾರಂಭಕ್ಕೆ ಬಾಡಿಗೆಗೆ ತಂದ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಸರಪಳಿಯಿಂದ ಬಿಗಿದು, ಗಾಳಿಯಾಡುವ ಜಾಗದಲ್ಲಿ ಹಿರಿಯರೊಬ್ಬರ ಕಾವಲಿನಲ್ಲಿ ಇಡಬೇಕು. ಕೆಲಸ ಮುಗಿದೊಡನೆ ಕವಾಟ ಮುಚ್ಚಿ ಹಿಂದಿರುಗಿಸಬೇಕು.

ಅನಿಲ ತುಂಬಿದ ಕೋಣೆಯಲ್ಲಿ ಯಾರಾದರೂ ಬಿದ್ದಿದ್ದರೆ ಹಿಂದೆಮುಂದೆ ನೋಡದೆ ಒಳಗೆ ಧಾವಿಸಬಾರದು; ರಕ್ಷಿಸಲು ಹೋದವರೇ ಎರಡನೆಯ ಬಲಿಯಾಗುವುದುಂಟು. ಹೊರಗಿನಿಂದ ಬಾಗಿಲು ಕಿಟಕಿ ತೆರೆದು 112ಕ್ಕೆ ದೂರವಾಣಿ ಮಾಡಬೇಕು. ಹೊರತಂದ ಮೇಲೆ ಉಸಿರು ನಿಂತಿದ್ದರೆ, ಬಲ್ಲವರು ಕೃತಕ ಉಸಿರಾಟವನ್ನೂ ಎದೆ ಒತ್ತುವಿಕೆಯನ್ನೂ ಆರಂಭಿಸಬೇಕು. ದ್ರವ ಹೀಲಿಯಂ ತಾಗಿದ ಚರ್ಮವನ್ನು ಉಜ್ಜದೆ ಉಗುರುಬೆಚ್ಚಗಿನ ನೀರಿನಲ್ಲಿಟ್ಟು ವೈದ್ಯರಲ್ಲಿಗೆ ಒಯ್ಯಬೇಕು. ಅನಿಲ ಹೀರಿದ ಮಗು ಎದೆನೋವು, ಕೆಮ್ಮು ಅಥವಾ ಮಂಪರು ಎಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಅದು ಏನನ್ನು ಹೀರಿತೆಂಬುದನ್ನು ಸ್ಪಷ್ಟವಾಗಿ ತಿಳಿಸಿ ಆಸ್ಪತ್ರೆಗೆ ಸೇರಿಸತಕ್ಕದ್ದು.